ಮೊಬೈಲಿನ ಗಂಟೆ ಲೆಕ್ಕ: ಅಳೆಯುವುದು ಯಾರನ್ನು, ತಡೆಯುವುದು ಯಾರನ್ನು?

2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ ಒಂದು ಕಾನೂನು ಜಾರಿಗೆ ಬಂತು. 16 ವರ್ಷ ತುಂಬದ ಮಕ್ಕಳು ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮುಂತಾದ ಕಡೆ ಅಕೌಂಟ್ ಇಟ್ಟುಕೊಳ್ಳುವಂತಿಲ್ಲ ಅಂತ. ಮರು ತಿಂಗಳೇ ನಮ್ಮ ಕೇಂದ್ರದ ಆರ್ಥಿಕ ಸಮೀಕ್ಷೆ ಮೊಬೈಲ್ ಗೀಳಿನ ಬಗ್ಗೆ ಮಾತಾಡಿತು. ವಯಸ್ಸಿಗೆ ತಕ್ಕಂತೆ ಮಿತಿ ಹಾಕುವುದನ್ನು ಯೋಚಿಸಬಹುದು ಎಂದಿತು. ಗೋವಾ, ಆಂಧ್ರ, ಕರ್ನಾಟಕದಲ್ಲೂ ಅದೇ ಚರ್ಚೆ ಎದ್ದಿತು. ಅಲ್ಲಿಂದ ಮುಂದೆ ಮನೆಮನೆಯಲ್ಲಿ ಒಂದೇ ಪ್ರಶ್ನೆ: "ಹುಡುಗರಿಗೆ ಮೊಬೈಲ್ ಬಂದ್ ಮಾಡ್ತಾರಂತಲ್ರೀ, ಖರೇ ಏನ್ರೀ?"

ಈ ಗೊಂದಲಕ್ಕೆ ಕಾರಣ ಇದೆ. ಸುದ್ದಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಹೆಡ್ಡಿಂಗ್ ಕೆಳಗೆ ಬರುತ್ತಿವೆ. ಅವುಗಳನ್ನು ಬಿಡಿಸಿ ನೋಡದಿದ್ದರೆ ಯಾವುದು ಸರ್ಕಾರದ ಕೆಲಸ, ಯಾವುದು ಕಂಪನಿಯ ಕೆಲಸ, ಯಾವುದು ಮನೆಯವರ ಕೆಲಸ ಅನ್ನುವುದೇ ತಿಳಿಯುವುದಿಲ್ಲ.

ಮೂರು ಬೀಗ, ಮೂರು ಬಾಗಿಲು

ಆಸ್ಟ್ರೇಲಿಯಾ ಹಾಕಿದ ಬೀಗ ಇರುವುದು ಅಕೌಂಟಿಗೆ. ಫೋನಿಗಲ್ಲ, ಗಂಟೆಗೂ ಅಲ್ಲ. ಅಲ್ಲಿಯ ಹುಡುಗನೊಬ್ಬ ದಿನಕ್ಕೆ ಆರು ತಾಸು ಫೋನ್ ಹಿಡಿದು ಕೂತರೂ ಈ ಕಾನೂನಿಗೆ ಸಂಬಂಧ ಇಲ್ಲ. ಲಾಗಿನ್ ಆಗದೆ ಯೂಟ್ಯೂಬ್ ನೋಡಿದರೂ ತಪ್ಪಿಲ್ಲ. ವಾಟ್ಸಾಪ್ ಆ ಪಟ್ಟಿಯಲ್ಲೇ ಇಲ್ಲ. ದಂಡ ಬೀಳುವುದು ಮಗುವಿಗೂ ಅಲ್ಲ, ಅಪ್ಪ ಅವ್ವನಿಗೂ ಅಲ್ಲ, ಕಂಪನಿಗೆ. ಅದೂ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ.

ಎರಡನೆಯದು ಫೋನಿನಲ್ಲೇ ಇರುವ ಲೆಕ್ಕ. 2018ರಲ್ಲಿ ಗೂಗಲ್ ತನ್ನ ಆಂಡ್ರಾಯ್ಡ್ ಫೋನಿಗೆ 'ಡಿಜಿಟಲ್ ವೆಲ್‌ಬೀಯಿಂಗ್' ತಂದಿತು. ಅದೇ ವರ್ಷ ಆಪಲ್ ಐಫೋನಿಗೆ 'ಸ್ಕ್ರೀನ್ ಟೈಮ್' ತಂದಿತು. ಯಾವ ಆ್ಯಪ್ ಎಷ್ಟು ಹೊತ್ತು ನೋಡಿದಿರಿ, ಫೋನನ್ನು ಎಷ್ಟು ಸಲ ತೆರೆದಿರಿ ಅಂತ ತೋರಿಸುವುದು, ಬೇಕಾದರೆ ಮಿತಿ ಹಾಕುವುದು ಇದರ ಕೆಲಸ. ಮಕ್ಕಳ ಫೋನನ್ನು ದೊಡ್ಡವರ ಫೋನಿಂದ ನಿಯಂತ್ರಿಸುವ 'ಫ್ಯಾಮಿಲಿ ಲಿಂಕ್' ಕೂಡ ಇದೇ ಗುಂಪಿನದು.

ಮೂರನೆಯದು ಆ್ಯಪ್ ಕಂಪನಿಗಳು ತಾವಾಗಿಯೇ ಹಾಕಿಕೊಂಡ ಮಿತಿ. ಇನ್‌ಸ್ಟಾಗ್ರಾಂ 2024ರಲ್ಲಿ ಹದಿಹರೆಯದವರಿಗೆ ಬೇರೆ ಬಗೆಯ ಅಕೌಂಟ್ ಶುರು ಮಾಡಿ, 2025ರ ಫೆಬ್ರವರಿಯಲ್ಲಿ ಭಾರತಕ್ಕೂ ತಂದಿತು. ದಿನಕ್ಕೆ 60 ನಿಮಿಷ ಆದ ಮೇಲೆ "ಸಾಕು" ಅನ್ನುವ ಸೂಚನೆ ಬರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬಂದ್. ಯೂಟ್ಯೂಬ್ 2025ರ ಅಕ್ಟೋಬರ್‌ನಲ್ಲಿ ಶಾರ್ಟ್ಸ್‌ಗೆ ದಿನದ ಮಿತಿ ಹಾಕಿಕೊಳ್ಳುವ ಸೌಲಭ್ಯ ಕೊಟ್ಟಿತು.

ಈ ಮೂರೂ ಒಂದು ವಿಷಯವನ್ನು ಗೃಹೀತ ಹಿಡಿದಿವೆ. ಫೋನ್ ಹಿಡಿದಿರುವ ಕೈ ಯಾರದ್ದು ಅಂತ ವ್ಯವಸ್ಥೆಗೆ ಗೊತ್ತಿದೆ, ಅನ್ನುವುದೇ ಆ ವಿಷಯ. ನಮ್ಮ ಕಡೆ ಇಡೀ ಲೆಕ್ಕ ತಪ್ಪುವುದು ಇಲ್ಲಿಯೇ.

ಫೋನು ಎಣಿಸುವುದು ಏನನ್ನು?

ಮೊದಲು ಈ ಎಣಿಕೆ ಹೇಗೆ ನಡೆಯುತ್ತದೆ ನೋಡೋಣ. ಪರದೆ ಬೆಳಗಿದ್ದು, ಒಂದು ಆ್ಯಪ್ ಎದುರಿಗೆ ತೆರೆದಿದ್ದರೆ ಆ ಹೊತ್ತು ಆ ಆ್ಯಪಿನ ಲೆಕ್ಕಕ್ಕೆ ಸೇರುತ್ತದೆ. ಪರದೆ ಆರಿಸಿ ಭಜನೆ ಹಾಡು ಕೇಳಿದರೆ ಸೇರುವುದಿಲ್ಲ. ಇನ್‌ಸ್ಟಾಗ್ರಾಂ ಆ್ಯಪಿಗೆ ಅರ್ಧ ತಾಸಿನ ಮಿತಿ ಹಾಕಿ, ಅದನ್ನೇ ಕ್ರೋಮ್‌ನಲ್ಲಿ ತೆರೆದು ನೋಡಿದರೆ ಆ ಹೊತ್ತು ಕ್ರೋಮ್‌ನ ಖಾತೆಗೆ ಹೋಗುತ್ತದೆ. ಮಿತಿ ಮುಗಿದಾಗ ಆ್ಯಪಿನ ಚಿತ್ರ ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಮಿತಿ ಹಾಕಿದವರೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತೆಗೆಯಬಹುದು. ಯಾರೂ ಕೇಳುವುದಿಲ್ಲ. ರಾತ್ರಿ 12ಕ್ಕೆ ಹೇಗೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮಲಗಬೇಕಾದ ಹೊತ್ತಿಗೆ ಸರಿಯಾಗಿ ಹೊಸ ಕೋಟಾ!

ಅಂದರೆ ಇದು ಮನೆಗೆ ಹಾಕಿದ ಹೆಸ್ಕಾಂ ಮೀಟರ್ ಇದ್ದಹಾಗೆ. ಎಷ್ಟು ಯೂನಿಟ್ ಸುಟ್ಟಿತು ಅಂತ ಹೇಳುತ್ತದೆ. ಓದುವ ದೀಪಕ್ಕೋ, ಸುಮ್ನೆ ಹಚ್ಚಿಟ್ಟ ಟಿವಿಗೋ, ಯಾರು ಹಚ್ಚಿದರೋ, ಅದು ಹೇಳುವುದಿಲ್ಲ.

ಒಂದು ಫೋನು, ಮನೆಮಂದಿಯೆಲ್ಲ

ಗದಗ ಅಥವಾ ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಶಾಲೆ ಓದುವ ಮಗುವಿನ ಕೈಗೆ ಬರುವುದು ಸಾಮಾನ್ಯವಾಗಿ ಅವ್ವನ ಫೋನು. ಅಪ್ಪನದು ಹೊಲಕ್ಕೋ ಕೆಲಸಕ್ಕೋ ಅವನ ಜೊತೆಗೇ ಹೋಗಿರುತ್ತದೆ. ಶಾಲೆಯ ಹೋಂವರ್ಕ್ ಬರುವುದು ಅವ್ವನ ವಾಟ್ಸಾಪಿಗೆ. ಅದನ್ನು ಬರೆದುಕೊಳ್ಳಲು ಫೋನ್ ಕೇಳುವ ಮಗು, ಬರೆದಾದ ಮೇಲೆ ಶಾರ್ಟ್ಸ್‌ಗೆ ಜಾರುತ್ತದೆ. "ಇನ್ನೊಂದ್ ಐದ್ ನಿಮಿಷ ಯವ್ವಾ" ಅನ್ನುವ ಮಾತು ಯಾವ ಮನೆಯಲ್ಲಿ ಕೇಳಿಲ್ಲ?

ಈಗ ವ್ಯವಸ್ಥೆಯ ಕಣ್ಣಿಂದ ನೋಡಿ. ಫೋನಿನಲ್ಲಿರುವ ಗೂಗಲ್ ಅಕೌಂಟ್ 35 ವರ್ಷದ ಹೆಂಗಸಿನದು. ಇನ್‌ಸ್ಟಾಗ್ರಾಂ ಇದ್ದರೆ ಅದೂ ದೊಡ್ಡವರ ಅಕೌಂಟೇ. ಹಾಗಾಗಿ ಹದಿಹರೆಯದವರ 60 ನಿಮಿಷದ ಸೂಚನೆ ಬರುವುದಿಲ್ಲ, ರಾತ್ರಿಯ ತಡೆಯೂ ಇಲ್ಲ. ಫ್ಯಾಮಿಲಿ ಲಿಂಕ್ ಸರಿಯಾಗಿ ಕೆಲಸ ಮಾಡಬೇಕಾದರೆ ಮಗುವಿಗೆ ತನ್ನದೇ ಅಕೌಂಟ್ ಇರುವ ತನ್ನದೇ ಫೋನ್ ಬೇಕು. ಮೊಬೈಲ್ ಕಡಿಮೆ ಮಾಡಿಸಲು ಮಗುವಿಗೆ ಮೊದಲು ಒಂದು ಮೊಬೈಲ್ ಕೊಡಿಸಿ ಅಂದಹಾಗಾಯಿತು! ಕೆಲವು ಕಂಪನಿಗಳ ಫೋನಿನಲ್ಲಿ ಎರಡನೇ ಯೂಸರ್ ಮಾಡಿಕೊಳ್ಳುವ ಸೌಲಭ್ಯ ಇದೆ, ಎಲ್ಲದರಲ್ಲಿ ಇಲ್ಲ.

ದೇಶದ ಹಳ್ಳಿಗಾಡಿನ ಮಕ್ಕಳ ಬಗ್ಗೆ 2024ರ ಅಸರ್ ಸಮೀಕ್ಷೆ ಒಂದು ಚಿತ್ರ ಕೊಡುತ್ತದೆ. 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದ್ದೇವೆ ಅಂದವರು ಶೇ 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದ್ದೇವೆ ಅಂದವರು ಶೇ 76. ಬಳಸಲು ಬರುವವರಲ್ಲಿ ಸ್ವಂತ ಫೋನ್ ಇದ್ದದ್ದು ಮಾತ್ರ ಹುಡುಗರಲ್ಲಿ ಸುಮಾರು ಶೇ 36, ಹುಡುಗಿಯರಲ್ಲಿ ಸುಮಾರು ಶೇ 27. ಉಳಿದವರೆಲ್ಲ ಬೇರೆಯವರ ಫೋನಿನಲ್ಲಿ, ಬೇರೆಯವರ ಹೆಸರಿನಲ್ಲಿ ನೋಡುವವರು. ಯಾವ ಮೀಟರೂ ಇವರನ್ನು ಎಣಿಸುವುದಿಲ್ಲ.

ದೊಡ್ಡವರ ಗಂಟೆಯಾದರೂ ಸರಿಯಾದ ಚಿತ್ರ ಕೊಡುತ್ತದೆಯೇ? ಅದೂ ಇಲ್ಲ. ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ, ಎತ್ತರ ತುಂಬಿಸುವುದು ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ. ಅದು ಕೆಲಸ. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಧಾರಣೆ ಇವತ್ತು ಎಷ್ಟು ಅಂತ ಮತ್ತೆ ಮತ್ತೆ ಫೋನ್ ತೆರೆದು ನೋಡಿದರೆ 'ಅನ್‌ಲಾಕ್' ಎಣಿಕೆ ಏರುತ್ತದೆ. ಹುಬ್ಬಳ್ಳಿಯಲ್ಲಿ ಊಟ ತಲುಪಿಸುವ ಹುಡುಗರ ಪರದೆಯಲ್ಲಿ ಇಡೀ ದಿನ ಮ್ಯಾಪ್ ಓಡುತ್ತದೆ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಡಿಒ, ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವವರಿಗೆ ಪಾಠ ಯೂಟ್ಯೂಬಿನಲ್ಲಿ, ನೋಟ್ಸ್ ಟೆಲಿಗ್ರಾಂನಲ್ಲಿ. ಅವರ ಫೋನು ಎಂಟು ತಾಸು ಅಂತ ತೋರಿಸಿದರೆ ಗಾಬರಿ ಬೀಳಬೇಕೇ? ಅದೇ ಯೂಟ್ಯೂಬಿನಲ್ಲಿ ಇತಿಹಾಸದ ಪಾಠದ ಪಕ್ಕದಲ್ಲೇ ಶಾರ್ಟ್ಸ್ ಇದೆ ಅನ್ನುವುದು ಅವರ ನಿಜವಾದ ತಲೆನೋವು. ಯೂಟ್ಯೂಬಿಗೆ ಟೈಮರ್ ಹಾಕಿದರೆ ಪಾಠವೂ ನಿಲ್ಲುತ್ತದೆ. ಹಾಕದಿದ್ದರೆ ಪಾಠದಿಂದ ಎದ್ದು ಹೋಗುವ ದಾರಿ ತೆರೆದೇ ಇರುತ್ತದೆ. ಇಡೀ ಆ್ಯಪಿಗಲ್ಲ, ಶಾರ್ಟ್ಸ್‌ಗೆ ಮಾತ್ರ ಮಿತಿ ಹಾಕುವ ಸೌಲಭ್ಯ ಇವರಿಗೆ ಉಪಯೋಗಕ್ಕೆ ಬರುವುದು ಅದಕ್ಕೇ.

ತಜ್ಞರೇ ಒಂದೇ ಮಾತು ಹೇಳುತ್ತಿಲ್ಲ

ಎಳೆಯ ಮಕ್ಕಳ ವಿಷಯದಲ್ಲಿ ಹೆಚ್ಚು ಜಗಳ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರದಿರಲಿ. ಭಾರತದ ಮಕ್ಕಳ ವೈದ್ಯರ ಸಂಘವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ.

ಭಿನ್ನಾಭಿಪ್ರಾಯ ಶುರುವಾಗುವುದು ಶಾಲೆ ಓದುವ ಮಕ್ಕಳ ವಿಷಯಕ್ಕೆ ಬಂದಾಗ. ಅಮೆರಿಕದ ಮಕ್ಕಳ ವೈದ್ಯರ ಸಂಘ ಮೊದಲು ಇವರಿಗೆ ದಿನಕ್ಕೆ ಎರಡು ತಾಸು ಮೀರದಿರಲಿ ಅನ್ನುತ್ತಿತ್ತು. 2016ರಲ್ಲಿ ಆ ಗಂಟೆಯ ಲೆಕ್ಕ ಕೈಬಿಟ್ಟಿತು. ನಿದ್ದೆ, ಆಟ, ಓದು ಕೆಡದಂತೆ ಮನೆಯವರೇ ನಿಯಮ ಮಾಡಿಕೊಳ್ಳಿ ಎಂದಿತು. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ ಲಕ್ಷಾಂತರ ಹದಿಹರೆಯದವರ ಮಾಹಿತಿ ಜಾಲಾಡಿದರು. ಅವರ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಗೆ ಸಂಬಂಧಪಟ್ಟದ್ದು ಹೆಚ್ಚೆಂದರೆ ಶೇ 0.4 ಅಂತ ಕಂಡಿತು.

ಹಾಗಾದರೆ ಭಯ ಸುಳ್ಳೇ? ಇಲ್ಲ, ಅಷ್ಟು ಬೇಗ ಆ ತೀರ್ಮಾನಕ್ಕೆ ಬರುವಂತಿಲ್ಲ. ಸರಾಸರಿ ಲೆಕ್ಕದಲ್ಲಿ ತೀರಾ ತೊಂದರೆಯಲ್ಲಿರುವ ಕೆಲವರು ಕಾಣದೇ ಹೋಗುತ್ತಾರೆ ಅನ್ನುವುದು ಎದುರು ಪಕ್ಷದ ವಾದ. ಅದರಲ್ಲಿ ಹುರುಳಿದೆ. ಗೇಮಿಂಗ್ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಅಲ್ಲೂ ಅಳತೆ ಗಂಟೆಯಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಬೇರೆಲ್ಲ ಕೆಲಸಕ್ಕಿಂತ ಅದೇ ಮುಂದೆ ಬಂದಿದೆಯೇ, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ನಿಲ್ಲಿಸಲು ಆಗುತ್ತಿಲ್ಲವೇ ಅಂತ ವೈದ್ಯರು ನೋಡುತ್ತಾರೆ. ಹುಡುಗ ಊಟ, ನಿದ್ದೆ, ಶಾಲೆ ಬಿಟ್ಟಿದ್ದಾನೆ ಅಂದರೆ ಆ್ಯಪ್ ಟೈಮರ್ ಸಾಲದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಮಾತಾಡುತ್ತಾರೆ.

ಎರಡೂ ಕಡೆಯವರು ಸುಮಾರಾಗಿ ಒಪ್ಪುವ ಒಂದು ವಿಷಯ ಇದೆ: ನಿದ್ದೆ. ಸಂಜೆ ಅರ್ಧ ತಾಸು ನೋಡಿದ್ದಕ್ಕೂ, ರಾತ್ರಿ ಹನ್ನೊಂದರ ನಂತರ ಹಾಸಿಗೆಯಲ್ಲಿ ಅರ್ಧ ತಾಸು ನೋಡಿದ್ದಕ್ಕೂ ಫೋನಿನ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಮರುದಿನ ಶಾಲೆಯ ಬೆಂಚಿನಲ್ಲಿ ತುಂಬಾ ವ್ಯತ್ಯಾಸ ಇದೆ.

ಬ್ರೇಕ್ ಒತ್ತುವವರೂ ಅವರೇ, ಎಕ್ಸಲರೇಟರ್ ಒತ್ತುವವರೂ ಅವರೇ

ಕಂಪನಿಗಳು ಕೊಟ್ಟ ಮಿತಿಗಳು ಯಾಕೆ ಮೆತ್ತಗಿವೆ? ಜಾಹೀರಾತಿನಿಂದ ನಡೆಯುವ ಆ್ಯಪಿಗೆ ನೀವು ನೋಡುವ ಪ್ರತಿ ನಿಮಿಷವೂ ದುಡ್ಡು. 2022ರ ಆರಂಭದಲ್ಲಿ ಇನ್‌ಸ್ಟಾಗ್ರಾಂ ತನ್ನ ದಿನದ ಮಿತಿಯಲ್ಲಿ ಆರಿಸಿಕೊಳ್ಳಬಹುದಾದ ಕನಿಷ್ಠ ಹೊತ್ತನ್ನು 10 ನಿಮಿಷದಿಂದ 30 ನಿಮಿಷಕ್ಕೆ ಏರಿಸಿತು. ಕಡಿಮೆ ನೋಡಬೇಕು ಅಂತ ಬಂದವರಿಗೆ ಅರ್ಧ ತಾಸಿಗಿಂತ ಕಡಿಮೆ ಸಿಗದಂತಾಯಿತು.

ಟಿಕ್‌ಟಾಕ್ ಕಥೆ ಇನ್ನೂ ಸ್ಪಷ್ಟ. ಭಾರತದಲ್ಲಿ 2020ರ ಜೂನ್‌ನಲ್ಲೇ ಅದು ನಿಷೇಧವಾಗಿದೆ, ಆದರೂ ಪಾಠ ನಮಗೂ ಬೇಕು. ಹದಿಹರೆಯದವರಿಗೆ 60 ನಿಮಿಷದ ಮಿತಿ ತಂದಿದ್ದೇವೆ ಅಂತ ಅದು ದೊಡ್ಡದಾಗಿ ಹೇಳಿಕೊಂಡಿತ್ತು. 2024ರಲ್ಲಿ ಅಮೆರಿಕದ ರಾಜ್ಯಗಳು ಹೂಡಿದ ಮೊಕದ್ದಮೆಯಿಂದ ಕಂಪನಿಯ ಒಳಗಿನ ಕಾಗದಗಳು ಹೊರಬಂದವು. ಆ ಸೌಲಭ್ಯ ಪರೀಕ್ಷೆಗೆ ಹಚ್ಚಿದಾಗ ಮಕ್ಕಳ ಬಳಕೆ ದಿನಕ್ಕೆ 108.5 ನಿಮಿಷದಿಂದ 107 ನಿಮಿಷಕ್ಕೆ ಇಳಿದಿತ್ತು. ಒಂದೂವರೆ ನಿಮಿಷ! ಮಕ್ಕಳು ತಾವೇ ದಾಟಿ ಹೋಗಬಹುದಾದ ಮಿತಿ ಇಷ್ಟೇ ಕೆಲಸ ಮಾಡುವುದು.

ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾದ ಒಂದು ಮಿತಿ ಯಾರ ಗಮನಕ್ಕೂ ಬರದೆ ವರ್ಷಗಟ್ಟಲೆ ಕೆಲಸ ಮಾಡಿದೆ. ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್. ಡೇಟಾ ಖಾಲಿಯಾದರೆ ವಿಡಿಯೊ ಗರಗರ ಸುತ್ತುತ್ತಾ ನಿಲ್ಲುತ್ತದೆ, ಬೇಡಿಕೊಂಡರೂ ಓಡುವುದಿಲ್ಲ. "ಸಾಕು ಬಿಡು" ಅಂತ ಹೇಳಲು ಯಾರೂ ಬೇಕಿರಲಿಲ್ಲ. ಈಗ ಆ ಗೋಡೆ ಬೀಳುತ್ತಿದೆ. ಕೆಲವು ಪ್ಲಾನ್ ಹಾಕಿಸಿದವರಿಗೆ 5ಜಿ ಮಿತಿಯಿಲ್ಲದೆ ಸಿಗುತ್ತಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೆ ವೈಫೈ ಹಾಕಿಸಿಕೊಂಡವರಿಗೂ ಅಷ್ಟೇ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡ ತಲುಪುವವರೆಗೆ ರೀಲ್ಸ್ ನೋಡಿದರೂ ಅಂಥ 5ಜಿ ಪ್ಲಾನ್ ಇರುವವರ ಡೇಟಾ ಮುಗಿಯುವುದಿಲ್ಲ. ಮಕ್ಕಳ ಸ್ಕ್ರೀನ್ ಟೈಮ್ ಬಗ್ಗೆ ಚಿಂತೆ ಇರುವ ಮನೆಗೆ ಆ್ಯಪ್ ಟೈಮರ್‌ಗಿಂತ ಯಾವ ರೀಚಾರ್ಜ್ ಹಾಕಿಸುತ್ತೀರಿ ಅನ್ನುವುದು ದೊಡ್ಡ ನಿರ್ಧಾರ ಅನ್ನಬೇಕು. ಈ ಮಾತು ಯಾವ ಸರ್ಕಾರಿ ಚರ್ಚೆಯಲ್ಲೂ ಅಷ್ಟಾಗಿ ಕೇಳಿಬರುವುದಿಲ್ಲ.

ಗಂಟೆ ಎಣಿಸದೆ ಹೊತ್ತು ಗೊತ್ತು ಮಾಡಿದ ಊರು

2022ರಲ್ಲಿ ಸಾಂಗ್ಲಿ ಜಿಲ್ಲೆಯ ವಡಗಾಂವ್ ಅನ್ನುವ ಹಳ್ಳಿ ಸುದ್ದಿಯಾಯಿತು. ಸಂಜೆ 7ಕ್ಕೆ ಸೈರನ್ ಊದುತ್ತಾರೆ. ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್. ಮಕ್ಕಳು ಓದಬೇಕು. ಕೊರೊನಾ ಹೊತ್ತಿನ ಆನ್‌ಲೈನ್ ಪಾಠದಿಂದ ಮಕ್ಕಳ ಕೈಗೆ ಬಂದ ಫೋನು ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ ಅನ್ನುವುದು ಅಲ್ಲಿಯವರ ಚಿಂತೆಯಾಗಿತ್ತು.

ಇದರಲ್ಲಿ ತಂತ್ರಜ್ಞಾನ ಏನೂ ಇಲ್ಲ. ಆದರೆ ಮೇಲಿನ ಮೂರೂ ಬೀಗಗಳು ಎಡವಿದ ಜಾಗವನ್ನು ಇದು ದಾಟುತ್ತದೆ. ಫೋನ್ ಯಾರದ್ದು, ಅಕೌಂಟ್ ಯಾರ ಹೆಸರಲ್ಲಿ, ವಯಸ್ಸೆಷ್ಟು ಅಂತ ಕೇಳುವ ಗೋಜಿಲ್ಲ. ಎಲ್ಲರ ಫೋನೂ ಕೆಳಗೆ. ಮುಖ್ಯವಾಗಿ, ಪಕ್ಕದ ಮನೆಯ ಹುಡುಗನೂ ಆ ಹೊತ್ತಿಗೆ ಆನ್‌ಲೈನ್ ಇರುವುದಿಲ್ಲ. "ಎಲ್ಲಾರೂ ನೋಡ್ತಾರ, ನನಗಷ್ಟ ಯಾಕ ಬ್ಯಾಡ" ಅನ್ನುವ ವಾದಕ್ಕೆ ಜಾಗವೇ ಉಳಿಯುವುದಿಲ್ಲ, ಅಲ್ವಾ?

ಇದರ ದೌರ್ಬಲ್ಯವೂ ಗೊತ್ತಿರಲಿ. ಎಲ್ಲರೂ ಒಬ್ಬರನ್ನೊಬ್ಬರು ಬಲ್ಲ ಸಣ್ಣ ಊರಿನಲ್ಲಿ ನಡೆಯುವುದು ಹುಬ್ಬಳ್ಳಿಯ ದೊಡ್ಡ ಬಡಾವಣೆಯಲ್ಲಿ ನಡೆಯುವುದು ಕಷ್ಟ. ದೊಡ್ಡವರು ಫೋನ್ ಇಡದಿದ್ದರೆ ಮಕ್ಕಳೂ ಇಡುವುದಿಲ್ಲ. ಇನ್ನೊಂದು ಅಪಾಯ ಜಾಸ್ತಿ ಗಂಭೀರ. ಮನೆಯಲ್ಲಿ ಮೊಬೈಲ್ ಕಡಿಮೆ ಮಾಡಬೇಕು ಅಂತ ತೀರ್ಮಾನ ಆದಾಗ ಮೊದಲು ಕಸಿಯುವುದು ಹೆಣ್ಣುಮಕ್ಕಳ ಕೈಯಿಂದ. ಅಣ್ಣನದು ಅವನ ಜೇಬಿನಲ್ಲೇ ಇರುತ್ತದೆ. ಹುಡುಗಿಯರ ಕೈಯಲ್ಲಿ ಸ್ವಂತ ಫೋನ್ ಮೊದಲೇ ಕಡಿಮೆ ಅಂತ ಮೇಲೆ ನೋಡಿದೆವು. ಮಿತಿ ಎಲ್ಲರಿಗೂ ಒಂದೇ ಹೊತ್ತಿಗೆ ಇರಲಿ ಅನ್ನಲು ಇದೇ ದೊಡ್ಡ ಕಾರಣ.

ನಿಷೇಧ ಬಂದರೆ ಏನಾಗಬಹುದು?

ಬೇರೆ ದೇಶಗಳು ಈ ದಾರಿಯಲ್ಲಿ ನಡೆದಿವೆ. ಚೀನಾ 2021ರಲ್ಲಿ 18 ತುಂಬದವರಿಗೆ ಆನ್‌ಲೈನ್ ಗೇಮ್ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆ ದಿನ ರಾತ್ರಿ 8ರಿಂದ 9ರವರೆಗೆ ಮಾತ್ರ ಎಂದಿತು. ದಕ್ಷಿಣ ಕೊರಿಯಾ 2011ರಲ್ಲಿ 16ರ ಒಳಗಿನವರಿಗೆ ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಗೇಮ್ ಬಂದ್ ಮಾಡಿತ್ತು. ಹತ್ತು ವರ್ಷ ನೋಡಿ, 2021ರಲ್ಲಿ ಆ ಕಾನೂನು ಕೈಬಿಡಲು ತೀರ್ಮಾನಿಸಿತು. ಅಷ್ಟರಲ್ಲಿ ಮಕ್ಕಳು ಕಂಪ್ಯೂಟರ್ ಬಿಟ್ಟು ಮೊಬೈಲ್ ಗೇಮಿಗೆ ಹೋಗಿದ್ದರು, ಕಾನೂನು ಕಂಪ್ಯೂಟರ್ ಮುಂದೆ ಕಾವಲು ಕಾಯುತ್ತಿತ್ತು.

ನಮ್ಮಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಪೀಠವೊಂದು ಬೇರೆ ಪ್ರಕರಣದ ವಿಚಾರಣೆ ವೇಳೆ, ಶಾಲಾ ಮಕ್ಕಳಿಗೆ ಸೋಷಿಯಲ್ ಮೀಡಿಯಾ ಬಂದ್ ಮಾಡಿದರೆ ಒಳ್ಳೆಯದು ಅಂತ ಬಾಯಿಮಾತಿನಲ್ಲಿ ಹೇಳಿತ್ತು. ಅದು ತೀರ್ಪಲ್ಲ. 2025ರ ಏಪ್ರಿಲ್‌ನಲ್ಲಿ 13ರ ಒಳಗಿನವರಿಗೆ ನಿಷೇಧ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಎತ್ತಿಕೊಳ್ಳಲಿಲ್ಲ. ಇದು ನೀತಿಯ ವಿಷಯ, ಸರ್ಕಾರದ ಹತ್ತಿರ ಹೋಗಿ ಎಂದಿತು.

ಸದ್ಯಕ್ಕೆ ಕೈಯಲ್ಲಿರುವುದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಅದು ಸ್ಕ್ರೀನ್ ಟೈಮ್ ಕಾನೂನಲ್ಲ, ಆದರೆ ಪರಿಣಾಮ ಅಲ್ಲಿಗೇ ಬಂದು ಮುಟ್ಟುತ್ತದೆ. 18 ತುಂಬದ ಎಲ್ಲರೂ ಅದರ ಪ್ರಕಾರ ಮಕ್ಕಳು. ಅವರ ಮಾಹಿತಿ ಬಳಸಬೇಕಾದರೆ ಅಪ್ಪ ಅಥವಾ ಅವ್ವನ ಒಪ್ಪಿಗೆ ಬೇಕು, ಆ ಒಪ್ಪಿಗೆ ಖಚಿತವಾಗಿರಬೇಕು. ಮಗು ಏನು ನೋಡುತ್ತದೆ ಅಂತ ಹಿಂಬಾಲಿಸಿ, ಅದಕ್ಕೆ ತಕ್ಕ ಜಾಹೀರಾತು ಹಾಕುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಮುಂದಿನ ವಿಡಿಯೊ ಯಾವುದು ಅಂತ ಆರಿಸಿ ಮುಂದಿಡುವ ಯಂತ್ರಕ್ಕೆ ಆಹಾರವೇ ಈ ಹಿಂಬಾಲಿಸಿದ ಮಾಹಿತಿ. ಅದನ್ನು ನಿಲ್ಲಿಸಿದರೆ ಟೈಮರ್‌ಗಿಂತ ಆಳದಲ್ಲಿ ಏಟು ಬೀಳುತ್ತದೆ.

ಸಿಕ್ಕು ಇರುವುದು ಇನ್ನೊಂದು ಕಡೆ. ನೋಡುವವರು ಮಗು ಅಂತ ಗೊತ್ತಾಗಬೇಕಾದರೆ ಎಲ್ಲರ ವಯಸ್ಸನ್ನೂ ಕೇಳಬೇಕು. ಕೇಳುವುದು ಅಂದರೆ ದೊಡ್ಡವರೂ ಗುರುತು ತೋರಿಸಬೇಕು, ಹೊಸ ಮಾಹಿತಿ ಕಂಪನಿಯ ಕೈಗೆ ಹೋಗಬೇಕು. ಅಷ್ಟು ಮಾಡಿದ ಮೇಲೂ ಅವ್ವನ ಫೋನಿನಲ್ಲಿ ನೋಡುವ ಮಗು ಲೆಕ್ಕಕ್ಕೆ ಸಿಗುವುದಿಲ್ಲ. ವಯಸ್ಸಿನ ತಡೆ ಬಿಗಿಯಾದಷ್ಟೂ ಮಕ್ಕಳು ದೊಡ್ಡವರ ಅಕೌಂಟಿಗೆ ಸರಿಯುವ ಸಾಧ್ಯತೆಯೇ ಜಾಸ್ತಿ. ಆಗ ಮಕ್ಕಳಿಗಾಗಿ ಮಾಡಿದ ರಕ್ಷಣೆ ಒಂದೂ ಅವರಿಗೆ ಸಿಗುವುದಿಲ್ಲ, ದೊಡ್ಡವರಿಗೆ ಬರುವುದೆಲ್ಲ ಅವರ ಕಣ್ಣಿಗೂ ಬೀಳುತ್ತದೆ. ನಗರದಲ್ಲಿ ಸ್ವಂತ ಫೋನ್ ಇರುವ ಹುಡುಗನಿಗೆ ತಡೆ ತಟ್ಟುತ್ತದೆ, ಮುಂಡರಗಿ ಕಡೆಯ ಹಳ್ಳಿಯಲ್ಲಿ ಮನೆಯ ಒಂದೇ ಫೋನ್ ನೋಡುವ ಹುಡುಗಿಗೆ ಕಾನೂನು ಬಂದದ್ದೇ ಗೊತ್ತಾಗದೆ ಹೋಗಬಹುದು.

ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಮಕ್ಕಳ ಭಾಗವೂ ಸೇರಿ ಮುಖ್ಯ ನಿಯಮಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳವರೆಗೆ. ಅಪ್ಪ ಅವ್ವನ ಒಪ್ಪಿಗೆಯನ್ನು ಯಾವ ರೀತಿ ಖಚಿತಪಡಿಸಿಕೊಳ್ಳುತ್ತೀರಿ, ಒಂದೇ ಫೋನ್ ಹಂಚಿಕೊಳ್ಳುವ ಮನೆಗೆ ಏನು ವ್ಯವಸ್ಥೆ ಅಂತ ಕಂಪನಿಗಳನ್ನು ಕೇಳಲು ಇರುವ ಹೊತ್ತು ಅಷ್ಟೇ.